ಐಡ್ಲಿಂಗ್ ಸರಿ ಇದೆ, ಲೋಡ್ ಬಿದ್ದರೆ ಗಾಡಿ ಎಳೆಯುತ್ತಿಲ್ಲ: ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆಯೇ?

ಏರುದಾರಿ

1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಮ್ಯಾನ್ಯುಯಲ್ ಗೇರ್. 90 ಸಾವಿರ ಕಿ.ಮೀ. ದಾಟಿದೆ. ಐಡ್ಲಿಂಗ್ ನುಣುಪಾಗಿದೆ, ನಿಧಾನಕ್ಕೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮೂರನೇ ಗೇರ್‌ನಲ್ಲಿ ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡಲು ಆಕ್ಸಲೇಟರ್ ಪೂರ್ತಿ ಒತ್ತಿದರೆ 3,000 ಆರ್‌ಪಿಎಂ ತನಕ ಬಂದು ಅಲ್ಲೇ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಪೆಡಲ್ ಸ್ವಲ್ಪ ಬಿಟ್ಟರೆ ಮತ್ತೆ ಎಳೆಯುತ್ತದೆ. ಜರ್ಕ್ ಇಲ್ಲ, ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಏರ್ ಫಿಲ್ಟರ್, ಪ್ಲಗ್ ಎರಡೂ ಹೊಸವು. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪ್‌ನಲ್ಲಿ ಹೊಗೆ ಶುದ್ಧ ಮಾಡುವ ಪಾರ್ಟ್) ಕಟ್ಟಿಕೊಂಡಿದೆ, ಬದಲಿಸಿ ಅಂತ ಗ್ಯಾರೇಜ್‌ನವರು ಹೇಳುತ್ತಿದ್ದಾರೆ. ಅಷ್ಟು ದುಬಾರಿ ಪಾರ್ಟ್‌ಗೆ ಕೈ ಹಾಕುವ ಮುಂಚೆ ಏನೇನು ನೋಡಬೇಕು? ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ), ಮಲ್ಟಿಮೀಟರ್ ಇವೆ.

ನಾಲ್ಕುಸ್ಟ್ರೋಕ್

ಸರ್, ಎಂಜಿನ್ನಿಗೇ ಶಕ್ತಿ ಬರುತ್ತಿಲ್ಲವೋ, ಬಂದ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲವೋ, ಇದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಏರದಿದ್ದರೆ ಕ್ಲಚ್ ಸ್ಲಿಪ್. ನಿಮ್ಮದರಲ್ಲಿ ಆರ್‌ಪಿಎಮ್ಮೇ ಏರುತ್ತಿಲ್ಲ, ಹಾಗಾಗಿ ಕ್ಲಚ್ ಬಿಟ್ಟುಬಿಡಿ. ಬ್ರೇಕ್ ಹಿಡಿದುಕೊಂಡಿದೆಯೇ ಅಂತಲೂ ಒಮ್ಮೆ ನೋಡಿ: ಓಡಿಸಿ ಬಂದ ತಕ್ಷಣ ನಾಲ್ಕೂ ಚಕ್ರಗಳ ಹತ್ತಿರ ಕೈ ಒಡ್ಡಿ, ಡಿಸ್ಕ್ ಮುಟ್ಟಬೇಡಿ. ಒಂದು ಚಕ್ರ ಮಾತ್ರ ವಿಪರೀತ ಕಾದಿದ್ದರೆ ಆ ಕ್ಯಾಲಿಪರ್ ಬಿಚ್ಚಿ ನೋಡಬೇಕು.

ಎರರ್ ಕೋಡ್ ಇಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ. ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) +25% ಆಸುಪಾಸಿಗೆ ಹೋಗಿ ಅಲ್ಲೇ ಉಳಿಯುವ ತನಕ ಬಹಳ ಗಾಡಿಗಳಲ್ಲಿ ಪಿ0171 (ಪೆಟ್ರೋಲ್ ಕಡಿಮೆ ಎನ್ನುವ ಕೋಡ್) ಬರುವುದಿಲ್ಲ. ಅಲ್ಲಿಯವರೆಗೆ ಇಸಿಯು (ಎಂಜಿನ್ ಕಂಪ್ಯೂಟರ್) ಸದ್ದಿಲ್ಲದೆ ಸರಿದೂಗಿಸುತ್ತಾ ಇರುತ್ತದೆ. ಲೈವ್ ಡೇಟಾ ನೋಡಿ, ಗಾಡಿ ನಿಲ್ಲಿಸಿಕೊಂಡಲ್ಲ, ತೊಂದರೆ ಬರುವ ಏರಿನಲ್ಲೇ. ಸ್ಕ್ಯಾನರ್‌ನಲ್ಲಿ ರೆಕಾರ್ಡ್ ಹಾಕಿ, ಬಂದ ಮೇಲೆ ಓದಿ. ಬೇಕಾದದ್ದು ಇಷ್ಟು: ಆರ್‌ಪಿಎಂ, ಥ್ರಾಟಲ್, ಮ್ಯಾಪ್ (ಎಂಜಿನ್‌ಗೆ ಹೋಗುವ ಗಾಳಿಯ ದಾರಿಯಲ್ಲಿನ ಒತ್ತಡ), ಶಾರ್ಟ್ ಮತ್ತು ಲಾಂಗ್ ಟ್ರಿಮ್ (ಆ ಕ್ಷಣದ್ದು ಮತ್ತು ಕಲಿತು ಉಳಿಸಿಕೊಂಡದ್ದು), ಮುಂದಿನ ಆಕ್ಸಿಜನ್ ಸೆನ್ಸರ್ (ಕ್ಯಾಟ್‌ಗೆ ಮುಂಚೆ ಇದ್ದು, ಹೊಗೆಯಲ್ಲಿನ ಆಕ್ಸಿಜನ್ ನೋಡುವುದು) ವೋಲ್ಟ್. ಎಂಜಿನ್ ಆಫ್ ಇದ್ದು ಇಗ್ನಿಷನ್ ಆನ್ ಇರುವಾಗಿನ ಮ್ಯಾಪ್ ರೀಡಿಂಗ್ ಕೂಡ ಬರೆದುಕೊಳ್ಳಿ.

ಗ್ರೀಸ್‌ಕೈ

ಕ್ಯಾಟ್ ಕಟ್ಟಿದೆಯೇ ಅಂತ ಬಿಚ್ಚದೆಯೇ ತಿಳಿಯಬಹುದು. ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 2,500 ಆರ್‌ಪಿಎಂ ಹಿಡಿದು ಒಂದು ನಿಮಿಷ ಮ್ಯಾಪ್ ನೋಡುತ್ತಾ ಇರಿ. ಸರಿಯಾಗಿರುವ ಎಂಜಿನ್‌ನಲ್ಲಿ ಅದು 25-35 ಕೆಪಿಎ ಹತ್ತಿರ ಅಲುಗಾಡದೆ ನಿಲ್ಲುತ್ತದೆ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತದೆ. ಅನುಮಾನ ಉಳಿದರೆ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಬ್ಯಾಕ್ ಪ್ರೆಷರ್ ಗೇಜ್ ಹಾಕಿಸಿ. ಐಡ್ಲಿಂಗ್‌ನಲ್ಲಿ 1.5 ಪಿಎಸ್‌ಐ ಒಳಗೆ, 2,500ರಲ್ಲಿ 3 ಪಿಎಸ್‌ಐ ಒಳಗೆ ಇರಬೇಕು.

ಇನ್ನೊಂದು ಮಾತು. ಕ್ಯಾಟ್ ತಾನಾಗಿ ಕಟ್ಟುವುದು ಅಪರೂಪ. ಮಿಸ್ಸಿಂಗ್ ಇದ್ದಾಗ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಒಳಗಿನ ಸೆರಾಮಿಕ್ ಕರಗುತ್ತದೆ, ಇಲ್ಲವೇ ಎಂಜಿನ್ನೇ ಆಯಿಲ್ ತಿನ್ನುತ್ತಿರುತ್ತದೆ. ಕಾರಣ ಹಾಗೇ ಬಿಟ್ಟು ಹೊಸ ಕ್ಯಾಟ್ ಹಾಕಿದರೆ ಅದೂ ಹಾಳಾಗುತ್ತದೆ.

ಏರುದಾರಿ

ರೀಡಿಂಗ್ ತೆಗೆದೆ. ಎಂಜಿನ್ ಆಫ್‌ನಲ್ಲಿ ಮ್ಯಾಪ್ 98 ಕೆಪಿಎ, ಏರಿನಲ್ಲಿ ಪೂರ್ತಿ ಒತ್ತಿದಾಗ 97. ನ್ಯೂಟ್ರಲ್‌ನಲ್ಲಿ 2,500 ಹಿಡಿದರೆ 29-30, ಅಲುಗಾಡುತ್ತಿಲ್ಲ. ಲಾಂಗ್ ಟ್ರಿಮ್ ಐಡ್ಲಿಂಗ್‌ನಲ್ಲಿ +3%, ಸಮತಟ್ಟಿನಲ್ಲಿ +6%, ಏರಿನಲ್ಲಿ ಅರ್ಧ ಥ್ರಾಟಲ್‌ಗೆ +19%. ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರ್ 0.1 ವೋಲ್ಟ್‌ಗೆ ಬಿದ್ದು ಅಲ್ಲೇ ಇರುತ್ತದೆ.

ನಾಲ್ಕುಸ್ಟ್ರೋಕ್

ಹಾಗಾದರೆ ಕ್ಯಾಟ್ ಬದಲಿಸಬೇಡಿ. ಹೊರಗಿನ ಗಾಳಿಯ 98ಕ್ಕೆ 97 ಅಂದರೆ ಗಾಳಿ ಒಳಗೆ ಬರಲು ತಡೆ ಇಲ್ಲ. ಕ್ಯಾಟ್ ಕಟ್ಟಿದ್ದರೆ ಸಿಲಿಂಡರ್‌ಗೆ ಹೋಗುವ ಗಾಳಿಯೇ ಕಡಿಮೆಯಾಗಿ, ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಕಡೆಗೆ ವಾಲಬೇಕಿತ್ತು. ನಿಮ್ಮದು ಲೀನ್ (ಪೆಟ್ರೋಲ್ ಕಡಿಮೆ). ಪೂರ್ತಿ ಥ್ರಾಟಲ್‌ನಲ್ಲಿ ಈ ಸೆನ್ಸರ್ 0.8-0.9 ವೋಲ್ಟ್ ತೋರಿಸಬೇಕು. ವ್ಯಾಕ್ಯೂಮ್ ಲೀಕ್ (ಬಿರುಕಿನಿಂದ ಗಾಳಿ ಒಳನುಗ್ಗುವುದು) ಆಗಿದ್ದರೆ ಟ್ರಿಮ್ ಐಡ್ಲಿಂಗ್‌ನಲ್ಲೇ ಜಾಸ್ತಿ ಇದ್ದು, ಎಂಜಿನ್ ಏರಿದ ಹಾಗೆ ಇಳಿಯುತ್ತಿತ್ತು. ನಿಮ್ಮಲ್ಲಿ ಉಲ್ಟಾ. ಪೆಟ್ರೋಲ್ ಸಾಲುತ್ತಿಲ್ಲ.

ಫ್ಯುಯೆಲ್ ಪ್ರೆಷರ್ ಗೇಜ್ ಹಾಕಿಸಿ. ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಿದ ಮೇಲೆಯೇ ಪೈಪ್ ಬಿಚ್ಚಬೇಕು. ಗೇಜನ್ನು ಕ್ಯಾಬಿನ್ ಒಳಗೆ ತರಲೇಬೇಡಿ. ಹೊರಗೆ ವೈಪರ್ ಹತ್ತಿರ ಭದ್ರವಾಗಿ ಕಟ್ಟಿ, ಪಕ್ಕದಲ್ಲಿ ಕೂತವರು ಗಾಜಿನ ಮೂಲಕ ಓದಲಿ. ರಿಟರ್ನ್ ಪೈಪ್ ಇಲ್ಲದ ಗಾಡಿಗಳಲ್ಲಿ ಸಾಮಾನ್ಯವಾಗಿ 3.5-4 ಬಾರ್ ಇರುತ್ತದೆ, ನಿಮ್ಮ ಗಾಡಿಯದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಲೋಡ್‌ನಲ್ಲೂ ಅಷ್ಟೇ ನಿಲ್ಲಬೇಕು.

ಕಾಯಿಲ್‌ಪ್ಯಾಕ್

ಇಗ್ನಿಷನ್ ಕಾಯಿಲ್ ಕೂಡ ಲೋಡ್‌ನಲ್ಲೇ ಕೈಕೊಡುತ್ತದೆ, ಅದನ್ನೂ ನೋಡಿ.

ಗ್ರೀಸ್‌ಕೈ

ಕಾಯಿಲ್ ಆಗಿದ್ದರೆ ಜರ್ಕ್ ಹೊಡೆಯುತ್ತದೆ, ಚೆಕ್ ಲೈಟ್ ಮಿಣುಕುತ್ತದೆ, ಪಿ0300ರಿಂದ ಪಿ0304ರ ಒಳಗಿನ ಮಿಸ್ಸಿಂಗ್ ಕೋಡ್ ಬರುತ್ತದೆ. ಇಲ್ಲಿ ಯಾವುದೂ ಇಲ್ಲ.

ಏರುದಾರಿ

ಐಡ್ಲಿಂಗ್‌ನಲ್ಲಿ 3.5 ಬಾರ್, ಏರಿನಲ್ಲಿ ಪೂರ್ತಿ ಒತ್ತಿದರೆ 2.3. ಪಂಪ್ ಬದಲಿಸಲೇ?

ನಾಲ್ಕುಸ್ಟ್ರೋಕ್

ಇನ್ನೂ ಬೇಡ. 3.5ರಿಂದ 2.3ಕ್ಕೆ ಇಳಿದರೆ ಇಂಜೆಕ್ಟರ್‌ನಿಂದ ಬರುವ ಪೆಟ್ರೋಲ್ ಸುಮಾರು 19% ಕಡಿಮೆಯಾಗುತ್ತದೆ (ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ), ಪಿಕಪ್ ಸಾಯಲು ಅಷ್ಟು ಸಾಕು. ಐಡ್ಲಿಂಗ್‌ನಲ್ಲಿ ಗೊತ್ತಾಗದಿರುವುದಕ್ಕೆ ಕಾರಣ, ಆಗ ಪಂಪ್ ಎತ್ತಿದ ಪೆಟ್ರೋಲ್‌ನ ದೊಡ್ಡ ಪಾಲು ಟ್ಯಾಂಕ್ ಒಳಗಿನ ರೆಗ್ಯುಲೇಟರ್ (ಒತ್ತಡ ಮಿತಿಯಲ್ಲಿಡುವ ಕವಾಟ) ಮೂಲಕ ಟ್ಯಾಂಕ್‌ಗೇ ವಾಪಸ್ ಬೀಳುತ್ತಿರುತ್ತದೆ.

ಪಂಪ್ ಸೋತಿರಬಹುದು, ಸ್ಟ್ರೈನರ್ (ಪಂಪ್ ಬಾಯಿಯ ಜಾಲರಿ) ಅಥವಾ ಫಿಲ್ಟರ್ ಕಟ್ಟಿರಬಹುದು, ಪಂಪ್‌ಗೆ ಕರೆಂಟ್ ಸಾಲದಿರಬಹುದು. ಕೊನೆಯದನ್ನು ಮೊದಲು ನೋಡಿ, ಅದಕ್ಕೆ ಟ್ಯಾಂಕ್ ಬಿಚ್ಚಬೇಕಿಲ್ಲ. ಎಂಜಿನ್ ಸ್ಟಾರ್ಟ್‌ನಲ್ಲಿರಲಿ, ಪಂಪ್ ಕನೆಕ್ಟರ್ ಸಿಕ್ಕಿಸಿದ ಹಾಗೇ ಇರಲಿ, ಹಿಂಬದಿಯಿಂದ ಪ್ರೋಬ್ ತೂರಿಸಿ ಅಳೆಯಿರಿ. ಕನೆಕ್ಟರ್ ಕಿತ್ತು ಅಳೆದರೆ ಕರೆಂಟ್ ಹರಿಯುವುದಿಲ್ಲ, ಕೆಟ್ಟ ವೈರ್ ಕೂಡ ಬ್ಯಾಟರಿಯ ವೋಲ್ಟನ್ನೇ ತೋರಿಸುತ್ತದೆ. ಬ್ಯಾಟರಿ ಪ್ಲಸ್‌ನಿಂದ ಪಂಪ್ ಪ್ಲಸ್‌ಗೆ 0.5 ವೋಲ್ಟ್, ಪಂಪ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.2 ವೋಲ್ಟ್ ದಾಟಬಾರದು.

ಏರುದಾರಿ

ಮೈನಸ್ ಕಡೆ 0.1. ಪ್ಲಸ್ ಕಡೆ 1.7! ಪಂಪ್‌ಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕಿತ್ತು ನೋಡಿದರೆ ಒಂದು ಕಾಲು ಕಪ್ಪಾಗಿದೆ, ಸಾಕೆಟ್‌ನ ಪ್ಲಾಸ್ಟಿಕ್ ಕಂದಾಗಿ ಸ್ವಲ್ಪ ಕರಗಿದೆ.

ಗ್ರೀಸ್‌ಕೈ

ರಿಲೇ ಒಂದನ್ನೇ ಬದಲಿಸಿದರೆ ಪ್ರಯೋಜನವಿಲ್ಲ. ಕಾದು ಸಡಿಲವಾದ ಟರ್ಮಿನಲ್ ಹೊಸ ರಿಲೇ ಕಾಲನ್ನೂ ಸುಡುತ್ತದೆ. ಬ್ಯಾಟರಿ ಮೈನಸ್ ತೆಗೆದು, ಆ ಸಾಕೆಟ್ ಟರ್ಮಿನಲ್ ಹೊರತೆಗೆದು, ಬಣ್ಣಗೆಟ್ಟ ವೈರ್ ಕತ್ತರಿಸಿ, ತಾಮ್ರ ಹೊಳೆಯುವ ಕಡೆ ಹೊಸ ಟರ್ಮಿನಲ್ ಕ್ರಿಂಪ್ ಮಾಡಿ. ವೈರ್ ದಪ್ಪ ಮೊದಲಿನಷ್ಟೇ ಇರಲಿ, ಫ್ಯೂಸ್ ಆಂಪ್ ಹೆಚ್ಚಿಸಬೇಡಿ. ಅದೇ ಏರಿನಲ್ಲಿ ಮತ್ತೆ ಗೇಜ್ ಹಾಕಿ ನೋಡಿ. ವೋಲ್ಟ್ ಸರಿಹೋಗಿಯೂ ಒತ್ತಡ ಬೀಳುತ್ತಿದ್ದರೆ ಆಗ ಟ್ಯಾಂಕ್ ಬಿಚ್ಚಿ ಸ್ಟ್ರೈನರ್, ಪಂಪ್ ನೋಡಬೇಕು. ಸೋತ ಪಂಪ್ ಹೆಚ್ಚು ಕರೆಂಟ್ ಎಳೆದೂ ರಿಲೇ ಸುಡುತ್ತದೆ. ಒತ್ತಡ 3.5ರಲ್ಲೇ ನಿಂತರೆ ಸ್ಕ್ಯಾನರ್‌ನಿಂದ ಹಳೆಯ ಟ್ರಿಮ್ ರೀಸೆಟ್ ಮಾಡಿ, ಒಂದೆರಡು ದಿನ ಓಡಿಸಿದ ಮೇಲೆ ಏರಿನ ರೀಡಿಂಗ್ ಇಲ್ಲಿ ಹಾಕಿ.