ತಪ್ಪು ಎಚ್ಚರಿಕೆ, ತಪ್ಪಿದ ಎಚ್ಚರಿಕೆ: ಬೇರೆ ಪದ ಇದೆಯಾ?

ಗೆಳೆಯರೇ, ಭಾರಿ ಟ್ರಕ್ಕುಗಳ ವೈರ್‌ಲೆಸ್ ಸುರಕ್ಷತಾ ಪರೀಕ್ಷೆಯ ಬಗ್ಗೆ ಬರೆಯುತ್ತಾ ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ 2012ರ ಆಗಸ್ಟ್‌ನಲ್ಲಿ ಇಂಥ ದೊಡ್ಡ ಪರೀಕ್ಷೆ ಶುರುವಾಯಿತು. ಸುಮಾರು 2,800 ವಾಹನಗಳಿದ್ದವು. ಹೆಚ್ಚಿನವು ಕಾರು, ಜೊತೆಗೆ ಟ್ರಕ್ಕು, ಬಸ್ಸು. ತಾನೆಲ್ಲಿದ್ದೇನೆ, ಎಷ್ಟು ವೇಗ, ಯಾವ ಕಡೆ ಮುಖ ಅಂತ ವಾಹನ ಸೆಕೆಂಡಿಗೆ 10 ಸಲ ರೇಡಿಯೋದಲ್ಲಿ ಸಾರುತ್ತದೆ. ಡಿಕ್ಕಿಯಾಗುವ ಹಾಗಿದ್ದರೆ ಅದನ್ನು ಕೇಳಿಸಿಕೊಂಡ ಟ್ರಕ್ಕು ತನ್ನ ಚಾಲಕನಿಗೆ ಬೀಪ್ ಮಾಡುತ್ತದೆ.

ಈಗ ನೋಡಿ. ಟ್ರಕ್ಕು ಮೇಲ್ಸೇತುವೆಯ ಅಡಿಗೆ ಹೋಗುತ್ತಿದೆ. ಸೇತುವೆ ಮೇಲೆ ಒಂದು ಕಾರು ನಿಂತಿದೆ. ಎತ್ತರದ ಲೆಕ್ಕ ತಪ್ಪಿದರೆ ಆ ಕಾರು ಎದುರಿಗೇ ನಿಂತ ಹಾಗೆ ಕಾಣುತ್ತದೆ. ಬೀಪ್! ಇದು 'ತಪ್ಪು ಎಚ್ಚರಿಕೆ'. ಇನ್ನೊಂದು ಸಲ, ಟ್ರಕ್ಕು ತಾನೇ ಹಿಂದೆ ಎಳೆಯುತ್ತಿರುವ ಟ್ರೈಲರ್ ಗೋಡೆಯ ಹಾಗೆ ಅಡ್ಡ ನಿಂತು ಸಿಗ್ನಲ್ಲನ್ನೇ ತಡೆಯುತ್ತದೆ. (ಎರಡೂ ಬದಿಯ ಕನ್ನಡಿಗಳ ಹತ್ತಿರ ಆಂಟೆನಾ ಇಡುವುದು ಇದಕ್ಕೇ.) ಅಪಾಯ ಇದ್ದರೂ ಬೀಪ್ ಇಲ್ಲ. ಇದು 'ತಪ್ಪಿದ ಎಚ್ಚರಿಕೆ'.

ಅರ್ಥ ಪೂರಾ ಉಲ್ಟಾ, ನಡುವೆ ಒಂದೆರಡು ಅಕ್ಷರದ ವ್ಯತ್ಯಾಸ ಅಷ್ಟೆ! ಬೇಗ ಓದುವವರಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

'ತಪ್ಪು' ಬದಲು 'ಸುಳ್ಳು ಎಚ್ಚರಿಕೆ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸುಳ್ಳಿಗೆ ಹೇಳುವವರ ಉದ್ದೇಶ ಬೇಕು, ಯಂತ್ರಕ್ಕೆ ಅದಿಲ್ಲ. 'ಹುಸಿ' ಅಂದರೆ ಹುಸಿ ಬಾಂಬ್ ಕರೆ ನೆನಪಾಗುತ್ತದೆ, ಅಲ್ಲೂ ಕಿಡಿಗೇಡಿಯೊಬ್ಬ ಇದ್ದಾನೆ. ಆದರೆ 'ನಿರೀಕ್ಷೆ ಹುಸಿಯಾಯಿತು' ಅನ್ನುವಾಗ ಯಾರ ಮೋಸವೂ ಇಲ್ಲ, ಅಂದುಕೊಂಡದ್ದು ಆಗಲಿಲ್ಲ ಅಷ್ಟೆ. ಆ ಅರ್ಥ ಹಿಡಿದರೆ 'ಹುಸಿ ಎಚ್ಚರಿಕೆ' ನಡೆಯಬಹುದು ಅನ್ನಿಸುತ್ತದೆ. ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು 'ಜೊಳ್ಳು ಎಚ್ಚರಿಕೆ'. ಹೊರಗೆ ಕಾಳಿನ ಹಾಗೇ ಇದೆ, ಒಳಗೆ ಏನೂ ಇಲ್ಲ. ಸುಮ್ನೆ ಬೀಪ್ ಕೇಳಿ ಕೇಳಿ ಚಾಲಕ ನಿಜವಾದ ಬೀಪನ್ನೂ ಕಡೆಗಣಿಸಿದರೆ, ಅದು ಜೊಳ್ಳಿನ ಜೊತೆ ಕಾಳನ್ನೂ ತೂರಿದ ಹಾಗೆ.

'ತಪ್ಪಿದ' ಅನ್ನುವುದಕ್ಕೆ ಮಾತ್ರ ಒಳ್ಳೆಯ ಪದ ಸಿಕ್ಕಿಲ್ಲ. 'ಬಾರದ ಎಚ್ಚರಿಕೆ' ಅಂದರೆ ಸಾಕಾ? ಅಪಾಯ ಇತ್ತು ಅನ್ನುವುದು ಅದರಲ್ಲಿ ಬರುವುದಿಲ್ಲವಲ್ಲ. ನಿಮಗೇನು ಹೊಳೆಯುತ್ತದೆ, ತಿಳಿಸಿ.