ಅಪ್‌ಡೇಟ್: ಮುತ್ತಾತನವರ ನೋಟ್‌ಬುಕ್ ಮತ್ತು ಗಂಧದೆಣ್ಣೆಯ ಪ್ರಯೋಗಗಳು

ನಮ್ಮ ಮುತ್ತಾತನವರ ನೋಟ್‌ಬುಕ್ಕಿನಲ್ಲಿರುವ ಗಂಧದೆಣ್ಣೆಯ ಲೆಕ್ಕಗಳಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗಕ್ಕೂ ಸಂಬಂಧವಿರಬಹುದೇ ಎಂದು ಹಿಂದೆ ಕೇಳಿದ್ದೆ. ಹಳೆಯ ವರದಿಗಳನ್ನು ನೋಡಲು ಸೂಚಿಸಿದ ಎಲ್ಲರಿಗೂ ಕೃತಜ್ಞತೆಗಳು.

ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು 1898ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆಯವರೊಂದಿಗೆ ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಅವರೇ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದು, 1911ರಲ್ಲಿ ವಿದ್ಯಾರ್ಥಿಗಳು ಬಂದಾಗ ಸಾಮಾನ್ಯ ಮತ್ತು ಅನ್ವಯಿಕ ರಸಾಯನದ ಜೊತೆಗೆ ವಿದ್ಯುತ್ ತಂತ್ರಜ್ಞಾನದ ವಿಭಾಗವೂ ಇತ್ತು. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರದ ರಫ್ತು ನಿಂತಾಗ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಸಂಸ್ಥೆಯಲ್ಲಿ ನಡೆಸಿದ ಬಟ್ಟಿ ಇಳಿಸುವ ಪ್ರಯೋಗಗಳೇ 1916ರ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಗೆ ದಾರಿ ಮಾಡಿದವು.

ಮುತ್ತಾತನವರ ಪುಟಗಳಲ್ಲಿರುವ ತಾರೀಕುಗಳೂ ಅದೇ ವರ್ಷದವು. ಎಣ್ಣೆಯ ಕಲೆಯಿರುವ ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ವಾ.’ ಎಂದು ಬರೆದಿದ್ದಾರೆ. ಅದು ವಾಟ್ಸನ್ ಅವರೇ ಇರಬಹುದೆಂಬುದು ನನ್ನ ಊಹೆ. ನೋಟ್‌ಬುಕ್ಕನ್ನು ಸ್ಕ್ಯಾನ್ ಮಾಡಿಸಿ ಸಂಸ್ಥೆಯ ಪತ್ರಾಗಾರಕ್ಕೆ ಒಪ್ಪಿಸಲು ಮನೆಯವರೆಲ್ಲ ಒಪ್ಪಿದ್ದಾರೆ.