ಪದಚರ್ಚೆ: ‘ಸೀಮಿತ ವ್ಯಾಪ್ತಿ’ ಎಂದರೆ ಕಡಿಮೆಯದೇ? ಟಿವಿ, ಮೀಡಿಯಾ ಪ್ಲೇಯರ್ ಸೆಟ್ಟಿಂಗ್ಸ್‌ಗೆ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ.

ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸುವ ಮೀಡಿಯಾ ಪ್ಲೇಯರ್ ಒಂದರ ಮೆನು ಕನ್ನಡವಾಗುತ್ತಿದೆ. ಉಳಿದ ಪುಟಗಳು ಮುಗಿದಿವೆ. ‘ವೀಡಿಯೊ ಔಟ್‌ಪುಟ್’ ಪುಟದಲ್ಲಿ ಕೆಲಸ ನಿಂತಿದೆ. ಕರಡಿನಲ್ಲಿ ಈಗ ಇರುವುದು ಇಷ್ಟು:

ಔಟ್‌ಪುಟ್ – ನಿರ್ಗಮ
ರೆಸಲ್ಯೂಷನ್ – ಪೃಥಕ್ಕರಣ
ಫ್ರೇಮ್ ರೇಟ್ – ಚೌಕಟ್ಟು ದರ
ರಿಫ್ರೆಶ್ ರೇಟ್ – ಪುನಶ್ಚೇತನ ದರ
ಇಂಟರ್ಲೇಸ್ಡ್, ಪ್ರೊಗ್ರೆಸಿವ್ – ಹೆಣೆದ, ಪ್ರಗತಿಪರ
ಲಿಮಿಟೆಡ್ ರೇಂಜ್, ಫುಲ್ ರೇಂಜ್ – ಸೀಮಿತ ವ್ಯಾಪ್ತಿ, ಪೂರ್ಣ ವ್ಯಾಪ್ತಿ

ಮೂರು ಸಂದೇಹಗಳು. ಒಂದು: ಚೌಕಟ್ಟು ದರ, ಪುನಶ್ಚೇತನ ದರ ಎರಡರ ಮುಂದೆಯೂ 24, 50, 60 ಎಂಬ ಅಂಕಿಗಳೇ ಬರುತ್ತವೆ. ಓದುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಎರಡು: ‘ಪ್ರಗತಿಪರ’ ಎಂದರೆ ಸಾಹಿತ್ಯ, ರಾಜಕೀಯ ನೆನಪಾಗುತ್ತದೆ, 1080ಐ, 1080ಪಿಗಳಲ್ಲಿರುವ ಐ ಮತ್ತು ಪಿಗೆ ಹೊಂದುವ ಪದ ಬೇಕು. ಮೂರು: ‘ಸೀಮಿತ’ ಎಂದು ಓದಿದವರು ಅದು ಕಳಪೆ ಎಂದು ಬಗೆದು ‘ಪೂರ್ಣ’ವನ್ನೇ ಒತ್ತುತ್ತಾರೆ. ಪದ ಬದಲಿಸಬೇಕೇ, ಪಕ್ಕದಲ್ಲಿ ವಿವರಣೆ ಕೊಟ್ಟರೆ ಸಾಕೇ?

ಮೆನುವಿನ ಒಂದು ಸಾಲು 20 ಅಕ್ಷರ ದಾಟುವಂತಿಲ್ಲ. ಅದರ ಕೆಳಗೆ ಎರಡು ಸಾಲಿನ ವಿವರಣೆಗೆ ಜಾಗವಿದೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

———

> ಪದ ಬದಲಿಸಬೇಕೇ, ಪಕ್ಕದಲ್ಲಿ ವಿವರಣೆ ಕೊಟ್ಟರೆ ಸಾಕೇ?

ಬದಲಿಸಲೇಬೇಕು. ಈ ಪುಟದ ಪದಗಳಲ್ಲೆಲ್ಲ ನೋಡುವವರ ಕೈಯನ್ನು ನೇರವಾಗಿ ತಪ್ಪು ಗುಂಡಿಗೆ ಒಯ್ಯುವುದು ಇದೊಂದೇ.

ಹೋಟೆಲಿನ ಹಲಗೆಯಲ್ಲಿ ‘ಲಿಮಿಟೆಡ್ ಮೀಲ್ಸ್’, ‘ಫುಲ್ ಮೀಲ್ಸ್’ ಎಂದು ಓದಿ ಬಂದವರಿಗೆ ‘ಪೂರ್ಣ’ ಎಂದರೆ ಎಲೆಯಲ್ಲಿ ಹೆಚ್ಚು ಬೀಳುತ್ತದೆ ಎಂದೇ ಅರ್ಥ. ಇಲ್ಲಿ ಹಾಗೆ ಏನೂ ಹೆಚ್ಚುವುದಿಲ್ಲ. 8 ಬಿಟ್ ವೀಡಿಯೊದಲ್ಲಿ ಬೆಳಕಿನ ಮಟ್ಟವನ್ನು 0ಯಿಂದ 255ರವರೆಗೆ ಬರೆಯಬಹುದು. ಕಂಪ್ಯೂಟರ್ 0 ಎಂದರೆ ಕಪ್ಪು, 255 ಎಂದರೆ ಬಿಳಿ ಎಂದು ಓದುತ್ತದೆ. ಟಿವಿಯ ಪದ್ಧತಿಯಲ್ಲಿ 16 ಕಪ್ಪು, 235 ಬಿಳಿ. ಎರಡೂ ತುದಿಯಲ್ಲಿ ಉಳಿದದ್ದು ಹೊಲದ ಸುತ್ತ ಬಿಟ್ಟ ಬದುವಿನಂತೆ: ಸಂಕೇತ ಸ್ವಲ್ಪ ಏರಿದರೂ ಇಳಿದರೂ ಬೆಳೆಗೆ ಪೆಟ್ಟಾಗದಿರಲಿ ಎಂದು ಬಿಟ್ಟ ಜಾಗ. ಡಿವಿಡಿ, ಬ್ಲೂ-ರೇ, ಡಿಟಿಎಚ್ ಚಾನೆಲ್, ಒಟಿಟಿ ಸಿನಿಮಾ ಎಲ್ಲವೂ ತಯಾರಾಗುವುದು 16–235ರಲ್ಲೇ. ಆದ್ದರಿಂದ ಸಿನಿಮಾ ನೋಡುವವರು ‘ಸೀಮಿತ’ ಆರಿಸಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕೆಡುವುದು ಪ್ಲೇಯರ್ ಒಂದು ಲೆಕ್ಕದಲ್ಲಿ ಕಳಿಸಿ ಟಿವಿ ಇನ್ನೊಂದು ಲೆಕ್ಕದಲ್ಲಿ ಓದಿದಾಗ. ಪ್ಲೇಯರ್ 0–255 ಕಳಿಸಿ ಟಿವಿ 16–235 ಎಂದು ತಿಳಿದರೆ, 16ರ ಕೆಳಗಿನದೆಲ್ಲ ಒಂದೇ ಕಪ್ಪಾಗುತ್ತದೆ. ರಾತ್ರಿಯ ದೃಶ್ಯದಲ್ಲಿ ಕೂದಲಿಗೂ ಹಿಂದಿನ ಗೋಡೆಗೂ ವ್ಯತ್ಯಾಸ ಉಳಿಯುವುದಿಲ್ಲ. ಬಿಳಿ ಪಂಚೆಯ ನೆರಿಗೆಗಳು ಮಾಯವಾಗುತ್ತವೆ. ಇದನ್ನು ಬಹಳ ಜನ ‘ಕಾಂಟ್ರಾಸ್ಟ್ ಚೆನ್ನಾಗಿದೆ’ ಎಂದುಕೊಂಡು ಹಾಗೆಯೇ ಬಿಡುತ್ತಾರೆ, ನನಗೆ ನೋವಾಗುವುದು ಅಲ್ಲೇ. ಇದರ ತಿರುವುಮುರುವಾದರೆ ಕಪ್ಪು ಬೂದುಬಣ್ಣಕ್ಕೆ ತಿರುಗಿ, ಇಡೀ ಚಿತ್ರ ಮಂಜು ಮುಸುಕಿದಂತೆ ಕಾಣುತ್ತದೆ.

ಮೂರನೆಯ ತಪ್ಪೂ ಇದೆ: ಎರಡು ಕಡೆ ಕುಗ್ಗಿಸುವುದು. ಪ್ಲೇಯರ್ ಸಾಫ್ಟ್‌ವೇರಿನಲ್ಲೂ 16–235 ಆರಿಸಿ, ಗ್ರಾಫಿಕ್ಸ್ ಡ್ರೈವರಿನಲ್ಲೂ (ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಅದನ್ನೇ ಆರಿಸಿದರೆ ಕಪ್ಪು ಸುಮಾರು 30ಕ್ಕೆ ಏರುತ್ತದೆ, ಬಿಳಿ ಸುಮಾರು 218ಕ್ಕೆ ಇಳಿಯುತ್ತದೆ. ಕುಗ್ಗಿಸುವ ಕೆಲಸ ದಾರಿಯಲ್ಲಿ ಒಂದೇ ಕಡೆ ನಡೆಯಬೇಕು.

ಪರೀಕ್ಷೆ ಹೀಗೆ ಮಾಡಬಹುದು. ಟಿವಿಯ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಕಂಪನಿ ಕೊಟ್ಟ ಮೂಲ ಅಂಕಿಗೆ ತನ್ನಿ. ಡೈನಾಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿತಾಯ, ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗುವ ಸೆಟ್ಟಿಂಗ್ ಇವುಗಳನ್ನು ಆಫ್ ಮಾಡಿ. ಕಪ್ಪಿನ ಪಟ್ಟಿಗಳಿರುವ ಪರೀಕ್ಷಾ ವೀಡಿಯೊ ಹಾಕಿ. 16ರ ಪಟ್ಟಿ ಹಿನ್ನೆಲೆಯಲ್ಲಿ ಕರಗಿ, 18 ಅಥವಾ 19ರಿಂದ ಮೇಲಿನವು ಮಸುಕಾಗಿಯಾದರೂ ಕಂಡರೆ ಸರಿ. 25ರ ಪಟ್ಟಿಯೂ ಕಾಣದಿದ್ದರೆ ಕಪ್ಪು ಮುಚ್ಚಿಹೋಗಿದೆ. ಆಗ ಬ್ರೈಟ್‌ನೆಸ್ ಏರಿಸಿ ಸರಿಪಡಿಸಲು ಹೋಗಬಾರದು. ಟಿವಿಯಲ್ಲಿ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’ ಅಥವಾ ‘ವೀಡಿಯೊ ರೇಂಜ್’ ಎಂಬ ಸಾಲು ಹುಡುಕಿ ಪ್ಲೇಯರಿನ ಲೆಕ್ಕಕ್ಕೆ ಹೊಂದಿಸಬೇಕು.

ಪದಕ್ಕೆ ಬರೋಣ. ‘ವ್ಯಾಪ್ತಿ’ ಎಂದರೆ ಪೊಲೀಸ್ ಠಾಣೆಯ ಸರಹದ್ದು ಕಣ್ಣಿಗೆ ಬರುತ್ತದೆ. ‘ಹರವು’ ನಮ್ಮಲ್ಲೇ ಇರುವ ಪದ, ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಅದು ಸರಿಯಾಗಿ ಹಿಡಿಯುತ್ತದೆ. ಸೀಮಿತ, ಪೂರ್ಣ ಎಂಬ ತೂಕದ ಮಾತುಗಳನ್ನು ಬಿಟ್ಟು, ಯಾರ ಪದ್ಧತಿ ಎಂದು ಹೇಳಿಬಿಡೋಣ: ‘ಟಿವಿ ಹರವು 16–235’, ‘ಕಂಪ್ಯೂಟರ್ ಹರವು 0–255’. ಕೆಳಗಿನ ವಿವರಣೆಯಲ್ಲಿ: ‘ಟಿವಿಯಲ್ಲೂ ಇದನ್ನೇ ಆರಿಸಿರಬೇಕು. ಸಿನಿಮಾ, ಚಾನೆಲ್‌ಗಳಿಗೆ ಟಿವಿ ಹರವು.’

> ಎರಡರ ಮುಂದೆಯೂ 24, 50, 60 ಎಂಬ ಅಂಕಿಗಳೇ

ಇಲ್ಲಿ ಪದದೊಂದಿಗೆ ಅದು ಯಾರದು ಎಂಬುದನ್ನೂ ಹೇಳಿದರೆ ಗೊಂದಲ ಹೋಗುತ್ತದೆ. ಒಂದು ಅಂಕಿ ವೀಡಿಯೊದ್ದು: ಸೆಕೆಂಡಿಗೆ ಎಷ್ಟು ಫ್ರೇಮ್ ಸೆರೆಹಿಡಿದಿದ್ದಾರೆ ಎಂಬುದು. ಇನ್ನೊಂದು ಪರದೆಯದು: ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆದುಕೊಳ್ಳುತ್ತದೆ ಎಂಬುದು. ‘ವೀಡಿಯೊ ಫ್ರೇಮ್ ದರ’, ‘ಪರದೆಯ ಆವರ್ತನ’ ಎಂದಿಡಬಹುದು. ‘ಚೌಕಟ್ಟು’ ಬಾಗಿಲಿಗೆ ಇರಲಿ. ‘ಚಿತ್ರ’ ಎಂದರೆ ಸಿನಿಮಾ ಎಂದೂ ಆಗುವುದರಿಂದ ‘ಚಿತ್ರ ದರ’ ಟಿಕೆಟ್ ಬೆಲೆಯಂತೆ ಕೇಳುತ್ತದೆ. ‘ವೇಗ’ ಎಂದರೆ ವೀಡಿಯೊ ಬೇಗ ಓಡುತ್ತದೆ ಎಂದುಕೊಳ್ಳುತ್ತಾರೆ. ‘ಪುನಶ್ಚೇತನ’ ಶಿಕ್ಷಕರ ತರಬೇತಿ ಶಿಬಿರಕ್ಕೆ ಸೇರಿದ್ದು. ಪಠ್ಯಪುಸ್ತಕದ ‘ಆವೃತ್ತಿ’ ಬಳಸೋಣ ಎಂದರೆ ಮೆನುವಿನಲ್ಲಿ ಅದು ಸಾಫ್ಟ್‌ವೇರಿನ ವರ್ಶನ್‌ಗೆ ಆಗಲೇ ಹೋಗಿದೆ. ‘ಆವರ್ತನ’ ತಾಳ ಹಾಕುವವರ ಬಾಯಲ್ಲೂ ಇರುವ ಪದ, ಅರ್ಥವೂ ಹತ್ತಿರದ್ದೇ.

ಈ ಎರಡು ಅಂಕಿ ಹೊಂದದಿದ್ದರೆ ಏನಾಗುತ್ತದೆ? 24ರ ಸಿನಿಮಾವನ್ನು 60ರ ಪರದೆಯಲ್ಲಿ ಹಾಕಿದರೆ ಒಂದು ಫ್ರೇಮ್ 3 ಆವರ್ತನ ನಿಲ್ಲುತ್ತದೆ, ಮುಂದಿನದು 2, ಮತ್ತೆ 3, ಮತ್ತೆ 2. ಮಿಲಿಸೆಕೆಂಡಿನಲ್ಲಿ 50, 33, 50, 33. ಭಾಮಿನಿ ಷಟ್ಪದಿಯ 3-4-3-4 ಮಾತ್ರೆಗಳ ಹಾಗೆ. ಆ ನಡೆ ಕಿವಿಗೆ ಇಂಪು, ಕಣ್ಣಿಗೆ ಒಗ್ಗುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಕಂಬಗಳು, ಮರಗಳು ತಡವರಿಸುತ್ತ ಸರಿಯುತ್ತವೆ. ಇಂಗ್ಲಿಷಿನ ‘ಜಡ್ಡರ್’ಗೆ ‘ತಡವರಿಕೆ’ ಎಂದೇ ಇಡಬಹುದು.

ನಮ್ಮಲ್ಲಿ 24ಕ್ಕಿಂತ ಹೆಚ್ಚು ಕಾಡುವುದು 25, 50. ಭಾರತದ ಟಿವಿ ಪ್ರಸಾರ ಪಾಲ್ ಪದ್ಧತಿಯಲ್ಲಿ ಬೆಳೆದದ್ದು: 625 ಸಾಲು, ಅದರಲ್ಲಿ ಕಾಣುವುದು 576, ಸೆಕೆಂಡಿಗೆ 25 ಫ್ರೇಮ್. ಪ್ಲೇಯರ್ ಪೆಟ್ಟಿಗೆಗಳೋ ಸಾಮಾನ್ಯವಾಗಿ 60ಕ್ಕೆ ಕಟ್ಟಿಕೊಂಡು ಬರುತ್ತವೆ. 50ರ ಕ್ರಿಕೆಟ್ ಪ್ರಸಾರ 60ರ ಪರದೆಗೆ ಹೋದಾಗ ಪ್ರತಿ ಐದನೆಯ ಫ್ರೇಮ್ ಎರಡು ಸಲ ಬರುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಎಡವು. ಪರದೆಯ ಕೆಳಗೆ ಓಡುವ ಸುದ್ದಿಪಟ್ಟಿಯಲ್ಲಿ ಇದು ಎದ್ದು ಕಾಣುತ್ತದೆ.

ಹಾಗಾಗಿ ಕೋಡಿ (Kodi) ಎಂಬ ಸಾಫ್ಟ್‌ವೇರಿನಂಥ ಪ್ಲೇಯರಿನಲ್ಲಿ ‘ಪರದೆಯ ಆವರ್ತನವನ್ನು ವೀಡಿಯೊಗೆ ಹೊಂದಿಸು’ ಎಂಬುದನ್ನು ‘ಶುರುವಾದಾಗ, ನಿಂತಾಗ’ ಎಂಬ ಆಯ್ಕೆಗೆ ಇಡಬೇಕು. ಬದಲಾಗುವಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ. ಕೆಟ್ಟಿದ್ದಲ್ಲ, ಎಚ್‌ಡಿಎಂಐನ ಎರಡೂ ತುದಿ ಹೊಸ ಲೆಕ್ಕಕ್ಕೆ ಒಪ್ಪಿಕೊಳ್ಳುತ್ತಿವೆ. ಮೊದಲ ಮಾತು ನುಂಗಿಹೋಗದಿರಲು ಬದಲಾವಣೆಯ ವೇಳೆಯ ವಿರಾಮವನ್ನು 2–3 ಸೆಕೆಂಡ್ ಇಡಿ.

ಅನುವಾದಕರಿಗೆ ಒಂದು ವಿಶೇಷ ಎಚ್ಚರಿಕೆ: ಪಟ್ಟಿಯಲ್ಲಿ 23.976 ಮತ್ತು 24 ಎಂದು ಬೇರೆಬೇರೆ ಇದ್ದರೆ ದಶಾಂಶ ಕಿತ್ತು ಎರಡನ್ನೂ 24 ಮಾಡಬೇಡಿ. 23.976ರ ವೀಡಿಯೊ ನಿಖರ 24ರ ಪರದೆಯಲ್ಲಿ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎಡವುತ್ತದೆ.

———

ಹಿಂದಿನವರು ಬಿಟ್ಟ ಐ, ಪಿ ಮತ್ತು ಉಳಿದ ಎರಡು ಪದಗಳ ಬಗ್ಗೆ.

‘ಹೆಣೆದ’ ಸರಿಹೋಗದು. ಚಾಪೆ, ಜಡೆ ಹೆಣೆಯುವಾಗ ಎಳೆಗಳು ಒಂದನ್ನೊಂದು ಅಡ್ಡ ದಾಟುತ್ತವೆ. ಮಗ್ಗದ ಹಾಸುಹೊಕ್ಕೂ ಹಾಗೆಯೇ. ಇಲ್ಲಿ ಎಲ್ಲ ಸಾಲುಗಳೂ ಅಡ್ಡಡ್ಡವಾಗಿ ಒಂದರ ಕೆಳಗೊಂದು ಇರುತ್ತವೆ. ಮೊದಲು 1, 3, 5 ಎಂಬ ಬೆಸ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಪಾಲು ಕಳೆದ ಮೇಲೆ 2, 4, 6 ಎಂಬ ಸರಿ ಸಾಲುಗಳು. ಒಂದೊಂದು ಸುತ್ತಿನದೂ ಅರೆಫ್ರೇಮ್. (ಇದರ ಮೂಲ ಪದ ‘ಫೀಲ್ಡ್’ ಅನ್ನು ‘ಕ್ಷೇತ್ರ’ ಎಂದು ಅನುವಾದಿಸಿದರೆ ಯಾರಿಗೂ ಏನೂ ತಿಳಿಯದು.) ರಾಗಿ ಹೊಲದ ‘ಅಕ್ಕಡಿ’ ಹತ್ತಿರ ಬರುತ್ತದೆ, ಸಾಲಿನ ಪಕ್ಕ ಬೇರೆ ಸಾಲು. ಆದರೆ ಅಕ್ಕಡಿ ಹಲವು ರಾಗಿ ಸಾಲಿಗೆ ಒಂದು ಅವರೆಯದೋ ತೊಗರಿಯದೋ ಸಾಲು, ಇಲ್ಲಿ ಸರಿಪಾಲು. ಐಗೆ ‘ಸಾಲು ಬಿಟ್ಟು ಸಾಲು’, ಪಿಗೆ ‘ಎಲ್ಲ ಸಾಲು’ ಎಂದರೆ ಓದಿದ ಕೂಡಲೇ ತಿಳಿಯುತ್ತದೆ. 20 ಅಕ್ಷರದೊಳಗೂ ಬರುತ್ತದೆ.

ಬಳಕೆಗೆ: 1080ಐ, 1080ಪಿ ಎರಡೂ ಪಟ್ಟಿಯಲ್ಲಿದ್ದರೆ ಇಂದಿನ ಟಿವಿಗೆ ಪಿ ಆರಿಸಬೇಕು. ಎಲ್ಇಡಿ ಪರದೆ ಹೇಗೂ ಎಲ್ಲ ಸಾಲನ್ನೂ ಒಟ್ಟಿಗೆ ಬೆಳಗಿಸುತ್ತದೆ. ಐ ಕಳಿಸಿದರೆ ಅರೆಫ್ರೇಮ್‌ಗಳನ್ನು ಕೂಡಿಸುವ ಕೆಲಸ ಟಿವಿಯದಾಗುತ್ತದೆ, ಪಿ ಕಳಿಸಿದರೆ ಪ್ಲೇಯರಿನದು. ಕೂಡಿಸುವಿಕೆ ಕೆಟ್ಟರೆ ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತವೆ. ಎಚ್‌ಡಿ ಚಾನೆಲ್‌ಗಳ 1080ಐ ರೆಕಾರ್ಡಿಂಗ್ ನೋಡುವಾಗ ಅರೆಫ್ರೇಮ್ ಒಂದೊಂದರಿಂದಲೂ ಪೂರ್ತಿ ಫ್ರೇಮ್ ಕಟ್ಟಿ 50 ಕೊಡುವ ವಿಧಾನ ಆರಿಸಿ, ಔಟ್‌ಪುಟ್ 1080ಪಿ 50 ಇಡಿ. 25ಕ್ಕೆ ಇಳಿಸುವ ವಿಧಾನದಲ್ಲಿ ಚಲನೆಯ ನಯ ಅರ್ಧಕ್ಕರ್ಧ ಹೋಗುತ್ತದೆ.

‘ನಿರ್ಗಮ’ ಬೇಡ. ಅದೇ ಮೆನುವಿನ ಕೊನೆಯಲ್ಲಿ ‘ನಿರ್ಗಮಿಸಿ’ ಎಂಬ ಗುಂಡಿ ಇರುತ್ತದೆ, ಇದನ್ನು ಒತ್ತಿದರೆ ಆ್ಯಪ್ ಮುಚ್ಚೀತು ಎಂದು ಜನ ಮುಟ್ಟುವುದೇ ಇಲ್ಲ. ಕೆರೆಯಿಂದ ಅಳತೆಯಾಗಿ ನೀರು ಬಿಡುವ ‘ತೂಬು’ ನನಗೆ ಬಹಳ ಇಷ್ಟ, ಕೆಲಸವೂ ಅದೇ. ಆದರೆ ಟಿವಿ ಮುಂದೆ ಕೂತವರಿಗೆ ಅದು ಒಗಟು. ‘ಔಟ್‌ಪುಟ್’ ಎಲ್ಲರಿಗೂ ಗೊತ್ತು, ಇರಲಿ.

‘ಪೃಥಕ್ಕರಣ’ ಭೌತಶಾಸ್ತ್ರದ ಪುಸ್ತಕದಲ್ಲಿ ಸೂಕ್ಷ್ಮದರ್ಶಕಕ್ಕೆ ಸರಿ. ಇಲ್ಲಿ ‘ರೆಸಲ್ಯೂಷನ್’ ಎಂದೇ ಬಿಡಿ. ವಿವರಣೆಯಲ್ಲಿ ಮಾತ್ರ ‘ನಿಮ್ಮ ಟಿವಿ ಪರದೆಯ ಪಿಕ್ಸೆಲ್ ಎಣಿಕೆಗೆ ಸಮನಾದದ್ದು’ ಎಂದು ಹಾಕಿ. 1920×1080ರ ಟಿವಿಗೆ 1080ಪಿ, 3840×2160ರದಕ್ಕೆ 2160ಪಿ. ನಮ್ಮಲ್ಲಿ ತುಂಬ ಮಾರಾಟವಾದ 32 ಇಂಚಿನ ಎಚ್‌ಡಿ ರೆಡಿ ಟಿವಿಗಳ ಪರದೆ 1366×768. ಅದಕ್ಕೆ ತಕ್ಕ ಸಾಲು ಪಟ್ಟಿಯಲ್ಲಿ ಇರುವುದೇ ಅಪರೂಪ. 720ಪಿ, 1080ಪಿ ಎರಡನ್ನೂ ಹಾಕಿ ಕನ್ನಡ ಸಬ್‌ಟೈಟಲಿನ ಒತ್ತಕ್ಷರ ನೋಡಿ: ‘ಕ್ಷ್ಮ’, ‘ಸ್ತ್ರ’ ಯಾವುದರಲ್ಲಿ ಬಿಡಿಯಾಗಿ ಕಾಣುತ್ತವೋ ಅದು.

ಒತ್ತಕ್ಷರದಿಂದ ನೆನಪಾಯಿತು, ಕರಡಿನಲ್ಲಿ ‘ಓವರ್‌ಸ್ಕ್ಯಾನ್’ ಇಲ್ಲ, ಸೇರಿಸಿಕೊಳ್ಳಿ. ಹಳೆಯ ಪಿಕ್ಚರ್ ಟ್ಯೂಬಿನ ಕಾಲದ ಅಭ್ಯಾಸದಂತೆ ಕೆಲವು ಟಿವಿಗಳು ಇಂದಿಗೂ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚು ಕತ್ತರಿಸುತ್ತವೆ. ಕನ್ನಡ ಸಬ್‌ಟೈಟಲಿನಲ್ಲಿ ಮೊದಲು ಕಳೆದುಹೋಗುವುದು ಕೆಳಗಿನ ಒತ್ತುಗಳೇ. ‘ಅಂಚು ಕತ್ತರಿಕೆ’ ಎಂಬ ಪದ ಸಾಕು. ಇದನ್ನು ಟಿವಿಯ ಕಡೆಯಲ್ಲೇ ಸರಿಪಡಿಸಬೇಕು: ಪಿಕ್ಚರ್ ಸೈಜ್‌ನಲ್ಲಿ ‘ಸ್ಕ್ರೀನ್ ಫಿಟ್’, ‘ಜಸ್ಟ್ ಸ್ಕ್ಯಾನ್’, ‘ಫುಲ್ ಪಿಕ್ಸೆಲ್’ ಎಂಬ ಹೆಸರಿನಲ್ಲಿ ಇರುತ್ತದೆ. ಪ್ಲೇಯರಿನಲ್ಲಿ ಚಿತ್ರ ಕುಗ್ಗಿಸಿ ಒಳಗೆ ತಂದರೆ ಅಂಚು ಕಾಣುತ್ತದೆ, ನಿಜ. ಆದರೆ ಪ್ಲೇಯರ್ ಕುಗ್ಗಿಸಿದ್ದನ್ನು ಟಿವಿ ಮತ್ತೆ ಹಿಗ್ಗಿಸುವುದರಿಂದ ಸಣ್ಣ ಅಕ್ಷರಗಳು ಕಲೆಸಿಹೋಗುತ್ತವೆ.

———

‘ಟಿವಿ ಹರವು’, ‘ಕಂಪ್ಯೂಟರ್ ಹರವು’ ನನಗೂ ಒಪ್ಪಿಗೆ. ಒಂದೇ ತಿದ್ದುಪಡಿ: 16–235, 0–255 ಎಂಬ ಅಂಕಿಗಳನ್ನು ಮೆನುವಿನ ಸಾಲಿನಲ್ಲಿ ಕೂರಿಸಬೇಡಿ. ಅವು 8 ಬಿಟ್‌ನ ಲೆಕ್ಕ. ಎಚ್‌ಡಿಆರ್ (ಕಪ್ಪು-ಬಿಳುಪಿನ ನಡುವೆ ಹೆಚ್ಚು ಅಂತರ ತೋರಿಸುವ) ವೀಡಿಯೊ 10 ಬಿಟ್‌ನಲ್ಲಿ ಹೋಗುವಾಗ ಅದೇ ಟಿವಿ ಹರವು 64–940, ಕಂಪ್ಯೂಟರ್ ಹರವು 0–1023. ಅಂಕಿಗಳನ್ನು ಕೆಳಗಿನ ವಿವರಣೆಗೆ ಇಳಿಸಿ, ‘8 ಬಿಟ್‌ನಲ್ಲಿ’ ಎಂದು ಮುಂದೆ ಸೇರಿಸಿ. ಇನ್ನು ‘ಬಿಟ್’ ಎಂಬುದನ್ನು ದಯವಿಟ್ಟು ಯಾರೂ ‘ತುಣುಕು’ ಮಾಡಬೇಡಿ.